ತಂತಿಯಪ್ಪ ಹಾಕಿದ ಬೀಗ

ತಂತಿಯಪ್ಪ ಸತ್ತ ಸುದ್ದಿ ಹಾಲಿನವನಿಗಿಂತ ಮೊದಲೇ ಬೀದಿಗೆ ಬಂತು. ಅದರ ಬಾಲ ಹಿಡಿದು ಇನ್ನೊಂದು ಮಾತೂ ಬಂತು: ಕಾರು ಕದಿಯಲು ಹೋಗಿ ಸತ್ತನಂತೆ.

ದಫೇದಾರರು ಬೆಳಗಿನ ಪ್ರಾರ್ಥನೆಗೆ ಕೂತಿದ್ದರು. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಊರು ಅವರನ್ನು ಕರೆಯುವುದು ಹಾಗೆಯೇ. ಕಿಟಕಿಯಾಚೆ ಯಾರೋ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ಬಾಯಲ್ಲಿದ್ದ ದೇವರ ಹೆಸರು ಅರ್ಧಕ್ಕೇ ನಿಂತಿತು. ತಂತಿಯಪ್ಪ ಅವರ ಜೊತೆ ಗೋಲಿ ಆಡಿ ಬೆಳೆದವನು. ವಾಹನಗಳ ವೈರಿಂಗ್ ಕೆಲಸದವನು. ಕೊರಳಿಗೆ ಸದಾ ತಂತಿಯ ಸುರುಳಿ ಹಾಕಿಕೊಂಡು ತಿರುಗುತ್ತಿದ್ದುದರಿಂದ ಆ ಹೆಸರು.

ದಫೇದಾರರು ಚಪ್ಪಲಿ ಮೆಟ್ಟಿ ಗುಡ್ಡದ ರಸ್ತೆ ಹಿಡಿದರು.

ತಿರುವಿನಲ್ಲಿ ವಕೀಲರ ಹಳೆಯ ಹಸಿರು ಕಾರು ಕಲ್ಲಿನ ತಡೆಗೋಡೆಗೆ ಮೂತಿ ಒತ್ತಿ ನಿಂತಿತ್ತು. ಕಾರಿಗೂ ಗೋಡೆಗೂ ನಡುವೆ ತಂತಿಯಪ್ಪ. ಅವನ ಬಲಗೈ ಎಂಜಿನ್ ತಿರುಗಿಸುವ, ಬಾಗಿದ ಸ್ಟಾರ್ಟಿಂಗ್ ಹ್ಯಾಂಡಲಿನ ಮೇಲೇ ಇತ್ತು. ಕಣ್ಣು ತೆರೆದಿತ್ತು.

"ನೋಡಿ ದಫೇದಾರ್ರೇ, ನಿಮ್ಮ ಗೆಳೆಯರ ಕೆಲಸ," ಎಂದ ಇನ್ಸ್‌ಪೆಕ್ಟರ್. ವಯಸ್ಸಿನಲ್ಲಿ ಚಿಕ್ಕವನು. "ಗೇರಿನಲ್ಲಿದ್ದ ಗಾಡಿಗೆ ಹ್ಯಾಂಡಲ್ ಹೊಡೆದಿದ್ದಾರೆ. ಸ್ಟಾರ್ಟ್ ಆಗಿ ಅವರ ಮೇಲೇ ಹಾರಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ."

"ಕಳ್ಳತನ ಅಂದವರು ಯಾರು?"

"ನಾನು," ಎಂದರು ವಕೀಲರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಸ್ತೆಯ ಆಚೆ ನಿಂತಿದ್ದರು. "ನಮ್ಮ ತಂದೆ ಕಾಲದ ಕಾರು. ಕಳ್ಳರ ಭಯಕ್ಕೆ ಒಳಗೊಂದು ಗುಟ್ಟಿನ ಸ್ವಿಚ್ ಹಾಕಿಸಿದ್ದೆ. ಅದನ್ನು ಬಿಡಿಸದೆ ಹೊರಟರೆ ಸ್ವಲ್ಪ ದೂರ ಹೋಗಿ ಎಂಜಿನ್ ಸಾಯುತ್ತೆ. ಅದು ಎಲ್ಲಿದೆ ಅಂತ ಗೊತ್ತಿದ್ದವರು ಇಬ್ಬರೇ. ಹಾಕಿಸಿದ ನಾನು, ಹಾಕಿದ ಅವನು. ನಾನು ಮನೆಯಲ್ಲಿದ್ದೆ. ಇನ್ನು ಯಾರು ಅಂತ ನೀವೇ ಹೇಳಿ."

ಲೆಕ್ಕ ಸರಿಯಾಗಿತ್ತು. ಅದೇ ದಫೇದಾರರಿಗೆ ಕಹಿಯಾಯಿತು.

"ಕಾರಿನ ಕೀ?"

"ಮನೆಯಲ್ಲಿ ಮೊಳೆಗೆ ನೇತಾಡ್ತಾ ಇದೆ. ಇವನು ಇನ್ನೊಂದು ಮಾಡಿಸಿಕೊಂಡಿರಬೇಕು."

ದಫೇದಾರರು ಕಾರಿನೊಳಗೆ ಇಣುಕಿದರು. ಇಗ್ನಿಷನ್ ಆಫ್ ಆಗಿತ್ತು. ಅಲ್ಲಿ ಕೀ ಇರಲಿಲ್ಲ. ಸತ್ತವನ ಜೇಬಿನಲ್ಲೂ ಇರಲಿಲ್ಲ. ಗೆಳೆಯನ ಕಣ್ಣು ಮುಚ್ಚಿ, ಹೆಗಲ ಮೇಲಿನ ಬಟ್ಟೆ ತೆಗೆದು ಮುಖಕ್ಕೆ ಹೊದಿಸಿದರು.

*

ತಂತಿಯಪ್ಪನ ಮನೆಯಲ್ಲಿ ಹಿಂದಿನ ಸಂಜೆಯ ತಟ್ಟೆ ಹಾಗೇ ಇತ್ತು. ಅರ್ಧ ಉಂಡ ಅನ್ನ ಒಣಗಿ ಅಂಟಿಕೊಂಡಿತ್ತು. ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು.

"ಫೋನ್ ಬಂತು ಅಣ್ಣಾ. ಕತ್ತಲಾಗ್ತಾ ಇತ್ತು. ನಕ್ಕರು. 'ಹಾಗೇ ಬಿಡು, ಈಗ ಬಂದೆ' ಅಂದ್ರು. ಯಾರು ಅಂತ ಕೇಳ್ದೆ. 'ಹೇಳಿದ್ರೆ ಒಂದು ಮನೆ ಜಗಳ ಆಗುತ್ತೆ, ನಿಂಗ್ಯಾಕೆ' ಅಂದು ಕೈ ತೊಳ್ಕೊಂಡು ಹೋದ್ರು."

"ಆ ಫೋನ್ ಎಲ್ಲಿ?"

"ಅವರ ಜೇಬಲ್ಲೇ ಇತ್ತು. ಪೊಲೀಸರು ಸಿಗಲಿಲ್ಲ ಅಂದ್ರು. ನಾನು ಹೇಳಿದ್ದನ್ನ ಬರ್ಕೊಳ್ಳಲೂ ಇಲ್ಲ."

ಹೊರಗೆ ಬೀದಿ ಖಾಲಿಯಾಗಿತ್ತು. ಸಾವಿನ ಮನೆಯ ಮುಂದೆ ನಾಲ್ಕು ಜನ ನಿಲ್ಲಬೇಕು. ಒಬ್ಬರೂ ಇರಲಿಲ್ಲ.

"ಪಕ್ಕದ ಮನೆಯವರು ಬಾಗಿಲು ಹಾಕ್ಕೊಂಡ್ರು. ನಾಳೆ ಹೆಣ ಕೊಡ್ತಾರಂತೆ. ಹೊರೋರು ಯಾರಣ್ಣಾ? ಕಳ್ಳನ ಹೆಣಕ್ಕೆ ಹೆಗಲು ಕೊಡ್ತಾರಾ? ಸತ್ತಿದ್ದು ದೇವರ ಇಚ್ಛೆ ಅಂತ ತಡ್ಕೋಬಹುದು. ಈ ಹೆಸರು ಹೊತ್ತು ಹೇಗೆ ಮಣ್ಣಿಗೆ ಹೋಗ್ತಾರೆ?"

ದಫೇದಾರರು ಅವಳ ಪಕ್ಕ ಕೂತರು. ಅವಳೇ ತಗ್ಗಿದ ದನಿಯಲ್ಲಿ ಹೇಳಿದಳು:

"ಒಂದು ಮಾತು. ಹೋದ ವಾರ ಹಳೇ ಕಾರು ವ್ಯಾಪಾರಿ ಬಂದಿದ್ದ. ಇಬ್ಬರೂ ಗುಸುಗುಸು ಮಾತಾಡಿದ್ರು."

ದಫೇದಾರರ ಎದೆಯಲ್ಲಿ ಮುಳ್ಳು ಮುರಿಯಿತು. ಆ ವ್ಯಾಪಾರಿ ವಕೀಲರ ಕಾರಿನ ಮೇಲೆ ಕಣ್ಣಿಟ್ಟಿದ್ದು ಊರಿಗೇ ಗೊತ್ತು. ಅಯ್ಯೋ, ನನ್ನ ಗೆಳೆಯನೂ ಹಾಗೆ ಮಾಡಿಬಿಟ್ಟನೇ?

*

ವ್ಯಾಪಾರಿ ತನ್ನ ಶೆಡ್ಡಿನಲ್ಲಿ ಟೈರಿನ ಮೇಲೆ ಕೂತು ಚಹಾ ಹೀರುತ್ತಿದ್ದ.

"ಹೌದು ಸ್ವಾಮಿ, ಹೋಗಿದ್ದೆ. ಸುಳ್ಳು ಯಾಕೆ ಹೇಳ್ಲಿ? ಆ ಗುಟ್ಟಿನ ಸ್ವಿಚ್ ಎಲ್ಲಿದೆ ಹೇಳಪ್ಪ ಅಂತ ಕೇಳ್ದೆ."

"ಅವನೇನಂದ?"

"ಏನಂತಾನೆ? 'ನಿನ್ನ ಮುಖಕ್ಕೆ ಮೊದಲು ಒಂದು ಬೀಗ ಹಾಕ್ತೀನಿ' ಅಂದ. ನನ್ನ ಜನ್ಮದಲ್ಲಿ ಅಷ್ಟು ಮರ್ಯಾದೆಯಾಗಿ ಯಾರೂ ಉಗಿದಿರಲಿಲ್ಲ."

"ನಿನ್ನೆ ಸಂಜೆ ನೀನೆಲ್ಲಿದ್ದೆ?"

"ಆಸ್ಪತ್ರೆಲಿ. ಅತ್ತೆ ಬಿದ್ದು ಸೊಂಟ ಮುರ್ಕೊಂಡ್ಳು. ಡಾಕ್ಟರನ್ನೇ ಕೇಳಿ. ನನ್ನ ಬೈಗುಳ ಅವರಿಗೆ ಇನ್ನೂ ನೆನಪಿರುತ್ತೆ."

ದಫೇದಾರರು ಆಸ್ಪತ್ರೆಗೆ ಹೋಗಿ ಕೇಳಿದರು. ಮಾತು ನಿಜವಾಗಿತ್ತು. ಅಲ್ಲಿಯೇ ಶವಪರೀಕ್ಷೆಯ ಡಾಕ್ಟರು ಎದುರಾದರು. ಕೇಳದಿದ್ದರೂ ಒಂದು ಮಾತು ಹೇಳಿದರು.

"ತಕ್ಷಣ ಹೋದ ಜೀವ ಅಲ್ಲ ಅದು. ಬಹಳ ಹೊತ್ತು ಇತ್ತು. ಯಾರಾದರೂ ಕರೆತಂದಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ದಫೇದಾರರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಗೆಳೆಯನನ್ನು ಶಂಕಿಸಿದ ನಾಚಿಕೆ ಒಂದು ಕಡೆ. ಈ ಮಾತು ಇನ್ನೊಂದು ಕಡೆ.

*

ಕಾರನ್ನು ಠಾಣೆಯ ಅಂಗಳಕ್ಕೆ ಎಳೆದು ತಂದಿದ್ದರು. ಇನ್ಸ್‌ಪೆಕ್ಟರ್ ಗಡಿಯಾರ ನೋಡುತ್ತ ಒಪ್ಪಿಗೆ ಕೊಟ್ಟ.

"ಬೇಗ ನೋಡಿ. ಕಳ್ಳನೂ ಸಿಕ್ಕ, ಮಾಲೂ ಸಿಕ್ತು. ಇನ್ನೇನಿದೆ ಇದರಲ್ಲಿ?"

ದಫೇದಾರರು ಚಾಲಕನ ಸೀಟಿನಲ್ಲಿ ಕೂತರು. ಗುಟ್ಟಿನ ಸ್ವಿಚ್ ಎಲ್ಲಿದೆಯೆಂದು ಅವರಿಗೂ ಗೊತ್ತಿರಲಿಲ್ಲ. ಹಿಂದೆ ಕೇಳಿದಾಗ ತಂತಿಯಪ್ಪ ನಕ್ಕಿದ್ದ: "ಹೇಳಿದ ಮೇಲೆ ಅದು ಬೀಗ ಹೇಗಾಗುತ್ತೆ ಕಣೋ?" ಆದರೆ ಅವನ ಕೈ ಅವರಿಗೆ ಗೊತ್ತು. ಹಳೆಯ ಕಾರಿಗೆ ಹೊಸ ತೂತು ಕೊರೆಯುವುದೆಂದರೆ ಅವನಿಗೆ ಮುದುಕಿಯ ಮೂಗು ಚುಚ್ಚಿದ ಹಾಗೆ. ಹೊಸದಾಗಿ ಏನನ್ನೂ ಕೂರಿಸುವವನಲ್ಲ. ಕೆಲಸವಿಲ್ಲದೆ ಬಿದ್ದ ಹಳೆಯದಕ್ಕೇ ಹೊಸ ಕೆಲಸ ಕೊಡುವವನು.

ಅವರು ಡ್ಯಾಶ್‌ಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ನೋಡಿದರು. ವೈಪರ್, ಇದೆ. ಒಳಗಿನ ದೀಪ, ಇದೆ. ಕೊನೆಯಲ್ಲಿ ಮಂಜಿನ ದೀಪದ ಗುಂಡಿ. ಕೆಳಗಿಳಿದು ಮುಂದೆ ಹೋಗಿ ನೋಡಿದರು. ಕಾರಿಗೆ ಮಂಜಿನ ದೀಪವೇ ಇರಲಿಲ್ಲ. ಯಾವ ಕಾಲಕ್ಕೋ ಬಿಚ್ಚಿಟ್ಟಿದ್ದರು. ಗುಂಡಿಯ ಹಿಂದಿನ ತಂತಿಯನ್ನು ಬೆರಳಲ್ಲಿ ಹಿಂಬಾಲಿಸಿದರು. ಅದು ಪೆಟ್ರೋಲ್ ಪಂಪಿಗೆ ಹೋಗಿತ್ತು.

ಗುಂಡಿ ಹೊರಗೆ ಎಳೆದಿತ್ತು. ಎಂದರೆ ಬೀಗ ಬಿಡಿಸಿತ್ತು.

"ನೋಡಿ, ಅವರೇ ಬಿಡಿಸಿದ್ದು," ಎಂದ ಇನ್ಸ್‌ಪೆಕ್ಟರ್.

"ಹೌದು ಸಾರ್. ಅವನೇ ಬಿಡಿಸಿದ್ದು. ಯಾವಾಗ ಅನ್ನೋದೇ ಪ್ರಶ್ನೆ."

ಅವರು ದೀಪದ ಸ್ವಿಚ್ ಒತ್ತಿದರು. ಮುಂದಿನ ದೀಪಗಳು ಆರುವ ಕೆಂಡದಂತೆ ಮಿಣುಕಿದವು. ಸ್ಟಾರ್ಟ್ ಮಾಡುವ ಸೆಲ್ಫ್ ಗುಂಡಿ ಒತ್ತಿದರೆ 'ಟಿಕ್' ಎಂದಿತೇ ಹೊರತು ಎಂಜಿನ್ ಅಲುಗಲಿಲ್ಲ.

"ಬ್ಯಾಟರಿ ಯಾವಾಗಿನದು, ವಕೀಲರನ್ನ ಕೇಳಿ ಸಾರ್."

ಇನ್ಸ್‌ಪೆಕ್ಟರ್ ಫೋನ್ ಮಾಡಿದ. ಬ್ಯಾಟರಿ ಹೊಸದು, ಮೊನ್ನೆಯೂ ಕಾರು ಸೆಲ್ಫ್ ಒಂದು ಸಲ ಒತ್ತಿದ್ದಕ್ಕೇ ಸ್ಟಾರ್ಟ್ ಆಗಿತ್ತು ಎಂದರು ವಕೀಲರು, ಸ್ವಲ್ಪ ಹೆಮ್ಮೆಯಿಂದಲೇ.

ದಫೇದಾರರು ಬಾಗಿಲು ಮೆಲ್ಲಗೆ ಮುಚ್ಚಿದರು.

"ನಡೀರಿ ಸಾರ್, ಅವರ ಮನೆಗೆ ಹೋಗೋಣ. ಅಲ್ಲೇ ಹೇಳ್ತೀನಿ."

*

ವಕೀಲರ ಮುಂಗೋಣೆಯ ತುಂಬ ಪುಸ್ತಕಗಳು. ಬಾಗಿಲ ಪಕ್ಕದ ಮೊಳೆಗೆ ಕಾರಿನ ಕೀ ನೇತಾಡುತ್ತಿತ್ತು. ವಕೀಲರ ಮಗ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಮದುವೆಯ ವಯಸ್ಸಿನ ಗಂಡಸು. ಮುಖ ಸುಣ್ಣ ಬಳಿದಂತಿತ್ತು. ತಲೆ ಎತ್ತಲಿಲ್ಲ.

"ವಕೀಲರೇ, ಆ ಸ್ವಿಚ್ ಯಾರ ಭಯಕ್ಕೆ ಹಾಕಿಸಿದ್ರಿ?" ಎಂದರು ದಫೇದಾರರು.

"ಹೇಳಿದೆನಲ್ಲ. ಕಳ್ಳರ ಭಯಕ್ಕೆ."

"ಹೊರಗಿನ ಕಳ್ಳನಿಗಾಗಿದ್ರೆ ಮನೆಯವರಿಗೆ ಗುಟ್ಟು ಹೇಳಿರ್ತಿದ್ರಿ. ಇಬ್ಬರಿಗೇ ಗೊತ್ತು ಅಂದ್ರಿ. ಮನೆಯಲ್ಲಿರೋ ಮಗನಿಗೆ ಯಾಕೆ ಗೊತ್ತಿಲ್ಲ?"

ವಕೀಲರು ಕನ್ನಡಕ ತೆಗೆದು ಒರೆಸಿದರು. ದಫೇದಾರರೇ ಮುಂದುವರಿಸಿದರು:

"ಕುಡಿದು ಗಾಡಿ ಓಡಿಸ್ತಾನೆ ಅಂತ ಊರೇ ಹೇಳುತ್ತೆ. ಬೀಗ ಹಾಕಿಸಿದ್ದು ಇವನಿಗೆ. ನಿನ್ನೆ ಸಂಜೆ ಇವನು ಕೀ ತಗೊಂಡು ಹೊರಟ. ಪೈಪಿನಲ್ಲಿದ್ದ ಪೆಟ್ರೋಲ್ ಮುಗಿಯೋವರೆಗೆ ಕಾರು ಓಡಿ ಗುಡ್ಡದ ತಿರುವಿನಲ್ಲಿ ನಿಂತಿತು. ಯಾಕೆ ಅಂತ ಇವನಿಗೆ ತಿಳೀಲಿಲ್ಲ. ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿ ಇಳಿಸಿದ. ಆಮೇಲೆ ತಂತಿಯಪ್ಪನಿಗೆ ಫೋನ್ ಮಾಡಿದ."

"ತಂತಿಯಪ್ಪನೇ ಇಳಿಸಿರಬಾರದೇಕೆ?" ಎಂದ ಇನ್ಸ್‌ಪೆಕ್ಟರ್.

"ಅವನೇ ಕದ್ದಿದ್ರೆ ಮೊದಲೇ ಗುಂಡಿ ಎಳೀತಿದ್ದ. ಕಾರು ನಿಲ್ತಾನೇ ಇರಲಿಲ್ಲ. ಹೊಸ ಬ್ಯಾಟರಿ ಇಳೀತಾನೂ ಇರಲಿಲ್ಲ. ಹ್ಯಾಂಡಲಿಗೆ ಕೈ ಹಾಕೋ ಗತಿಯೂ ಬರ್ತಿರಲಿಲ್ಲ. ತಾನು ಹಾಕಿದ ಬೀಗಕ್ಕೆ ತಾನೇ ಸಿಕ್ಕಿಬೀಳೋ ಮೂರ್ಖ ಅಲ್ಲ ಸಾರ್ ಅವನು. ಗುಟ್ಟು ಗೊತ್ತಿಲ್ಲದವನು ಮೊದಲು ಆ ಸೀಟಿನಲ್ಲಿ ಕೂತಿದ್ದ. ಗೊತ್ತಿದ್ದವನು ಆಮೇಲೆ ಬಂದ."

ದಫೇದಾರರು ಗೇರು ಅಲ್ಲಾಡಿಸುವಂತೆ ಕೈಯಾಡಿಸಿದರು.

"ಇನ್ನು ಗೇರು. ತಂತಿಯಪ್ಪ ಮೊದಲು ಗೇರಿನ ಕೋಲು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡದೆ ಹ್ಯಾಂಡಲ್ ಮುಟ್ಟಿದ್ದನ್ನ ನಾನು ಒಂದು ದಿನವೂ ಕಂಡಿಲ್ಲ. ಎಂಜಿನ್ ಹೊತ್ತಿಕೊಂಡ ಮೇಲೆ ಗೇರಿಗೆ ಹಾಕಿದ್ದು ಸೀಟಿನಲ್ಲಿದ್ದವನು. ತಂತಿಯಪ್ಪ ಪಕ್ಕಕ್ಕೆ ಸರಿಯೋಕೂ ಬಿಡಲಿಲ್ಲ. ಕಡೆಗೆ ಕೀ. ಕಾರಿನ ಮುಂದೆ ಸಿಕ್ಕಿಬಿದ್ದವನು ಎದ್ದು ಬಂದು ಕೀ ತೆಗೆದು ನಿಮ್ಮ ಮೊಳೆಗೆ ನೇತು ಹಾಕಿ ಹೋದನಾ ವಕೀಲರೇ?"

"ಇದೆಲ್ಲ ಊಹೆ," ಎಂದರು ವಕೀಲರು. "ಕೋರ್ಟಿನಲ್ಲಿ ಒಂದು ಕ್ಷಣ ನಿಲ್ಲಲ್ಲ."

"ತಂತಿಯಪ್ಪನ ಫೋನ್ ನೀವು ಹಾಳು ಮಾಡಿರಬಹುದು. ಯಾರು ಕರೆ ಮಾಡಿದ್ರು ಅನ್ನೋದು ಫೋನ್ ಕಂಪನಿಯಲ್ಲಿ ಇದ್ದೇ ಇರುತ್ತೆ. ಇನ್ಸ್‌ಪೆಕ್ಟರ್ ಸಾಹೇಬರು ತರಿಸ್ತಾರೆ."

ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಈಗ ಗಡಿಯಾರ ನೋಡಲಿಲ್ಲ.

"ಅಪ್ಪಾ, ಸಾಕು," ಎಂದ ಮಗ.

"ಬಾಯಿ ಮುಚ್ಚೋ!"

"ಕಾಲು ಕ್ಲಚ್ಚಿನಿಂದ ಜಾರ್ತು. ಕುಡಿದಿದ್ದೆ. ಅವರು ಬಂದಾಗ ಬೈಯಲೂ ಇಲ್ಲ. 'ನಿಮ್ಮಪ್ಪಂಗೆ ಹೇಳಲ್ಲ, ಮನೆಗೆ ಹೋಗಿ ಮಲಕ್ಕೋ' ಅಂದ್ರು." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಉಸಿರಿತ್ತು. ನೀರು ಕೇಳ್ತಿದ್ರು. ಓಡಿ ಬಂದು ಅಪ್ಪಂಗೆ ಹೇಳ್ದೆ. ಆಂಬುಲೆನ್ಸ್ ಕರಿ ಅಪ್ಪಾ ಅಂದೆ."

ದಫೇದಾರರು ವಕೀಲರ ಕಡೆ ತಿರುಗಿದರು.

"ನಾನು ಹೋದೆ," ಎಂದರು ವಕೀಲರು. "ಉಳಿಯೋ ಹಾಗೆ ಕಾಣಲಿಲ್ಲ. ಹೋಗುವವನು ಹೇಗೂ ಹೋಗ್ತಾನೆ, ಇರುವವನಾದರೂ ಉಳೀಲಿ ಅಂದ್ಕೊಂಡೆ. ಅವನ ಫೋನ್ ತಗೊಂಡು ಬಂದೆ. ನನಗಿರೋದು ಒಬ್ಬನೇ ಮಗ, ದಫೇದಾರ್ರೇ."

"ಅವನಿಗಿದ್ದದ್ದೂ ಒಂದೇ ಹೆಸರು," ಎಂದರು ದಫೇದಾರರು. "ಪ್ರಾಣ ಹೋಗಲಿ ಅಂತ ಬಿಟ್ರಿ. ಆ ಹೆಸರನ್ನೂ ಬಿಡಲಿಲ್ಲವಲ್ಲ."

*

ಮಾರನೆಯ ದಿನ ಹೆಣ ಬಂತು. ಅಪ್ಪ ಮಗ ಇಬ್ಬರನ್ನೂ ಹಿಡಿದ ಸುದ್ದಿ ಅದಕ್ಕಿಂತ ಮೊದಲೇ ಬಂದಿತ್ತು. ಬೀದಿ ತುಂಬಿತು. ಬಾಗಿಲು ಹಾಕಿಕೊಂಡಿದ್ದ ಪಕ್ಕದ ಮನೆಯವನೇ ಎಲ್ಲರಿಗಿಂತ ಮುಂದೆ ನಿಂತ.

"ನಂಗೆ ಮೊದಲೇ ಗೊತ್ತಿತ್ತು ದಫೇದಾರ್ರೇ. ಅಂಥ ಮನುಷ್ಯ ಅಲ್ಲ ಅವರು."

"ಗೊತ್ತಿದ್ದನ್ನ ನಿನ್ನೆ ಹೇಳಬೇಕಿತ್ತಪ್ಪ. ಆ ತಾಯಿ ಒಬ್ಬಳೇ ಕೂತಿದ್ಳು."

ಅವನು ಕಣ್ಣು ತಗ್ಗಿಸಿದ. ತಂತಿಯಪ್ಪನ ಹೆಂಡತಿ ಜನರನ್ನೆಲ್ಲ ಒಮ್ಮೆ ನೋಡಿದಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ದಫೇದಾರರು ಮುಂದಿನ ಬಿದಿರಿಗೆ ಹೆಗಲು ಕೊಟ್ಟರು. ಮುಪ್ಪಿನ ಹೆಗಲು, ನೋಯುತ್ತಿತ್ತು. ಬೇರೆಯವರು ಬದಲಾಯಿಸುತ್ತೇವೆಂದರೂ ಕೊನೆಯವರೆಗೆ ಬಿಡಲಿಲ್ಲ.

ಎಲ್ಲ ಮುಗಿದು ಜನ ಚದುರಿದ ಮೇಲೆ ಅವರು ಒಬ್ಬರೇ ನಿಂತು ಕೈ ಮುಗಿದರು. ಮನಸ್ಸಿನಲ್ಲಿ ಕ್ಷಮೆ ಹುಟ್ಟಿರಲಿಲ್ಲ. ಹುಟ್ಟಿದೆಯೆಂದು ದೇವರ ಮುಂದೆ ಸುಳ್ಳು ಹೇಳಲು ಅವರು ಸಿದ್ಧರಿರಲಿಲ್ಲ.

"ದೇವರೇ, ಅಪರಾಧಿಗಳ ಲೆಕ್ಕ ನಿನಗೇ ಇರಲಿ. ನಾನು ಅದನ್ನು ಕೇಳೋದಿಲ್ಲ. ಇವನು ಬಾಯಾರಿಕೊಂಡು ಬಂದಿದ್ದಾನೆ, ಮೊದಲು ನೀರು ಕೊಡು. ಕೊಟ್ಟ ಮಾತನ್ನು ಉಳಿಸಿಕೊಂಡು ಬಂದಿದ್ದಾನೆ, ಹತ್ತಿರ ಕೂರಿಸಿಕೋ. ಇನ್ನು ಯಾರೂ ಇವನನ್ನು ಅರ್ಧ ಊಟದಿಂದ ಎಬ್ಬಿಸದ ಹಾಗೆ ನೋಡಿಕೋ. ಶಾಂತಿ ಕೊಡು ತಂದೆ, ಇವನಿಗೆ ಶಾಂತಿ ಕೊಡು."