ಕುಂಟ ಕಾಗೆಯ ಫೋಟೋ

"ಅಪ್ಪಾ, ಇನ್ನೊಂದೀಟು ದೊಡ್ಡದು ಮಾಡು."

ಅಪ್ಪ ಮೌಸ್ ಒತ್ತಿದ. ಕಂಪ್ಯೂಟರಿನಲ್ಲಿ ಹಾರುತ್ತಿದ್ದ ಕಾಗೆ ದೊಡ್ಡದಾಯಿತು. ಆಕಾಶ ಬೆಳ್ಳಗಿತ್ತು, ಕಾಗೆ ಮಸಿಯಂತಿತ್ತು. ಕಣ್ಣು ಯಾವುದು, ಕೊಕ್ಕು ಯಾವುದು, ತಿಳಿಯುತ್ತಿರಲಿಲ್ಲ.

"ಮಂದಿ ಮಕ್ಕಳು ನವಿಲಿನ ಫೋಟೋ ತಗೀತಾವ. ನನ್ನ ಮಗಳಿಗೆ ಕಾಗಿನ ಸಿಕ್ತು," ಎಂದ ಅಪ್ಪ. ಆದರೆ ನಗಲಿಲ್ಲ. ಬೆಳಗಿನಿಂದ ಯಾರದೋ ಮದುವೆಯ ಫೋಟೋಗಳನ್ನು ತಿದ್ದಿ ತಿದ್ದಿ ಅವನ ಕಣ್ಣುಗಳು ಕೆಂಪಾಗಿದ್ದವು.

ಖಡಕಿ ಬಜಾರಿನ ಆ ಸಣ್ಣ ಸ್ಟುಡಿಯೋ ಅಪ್ಪನದು. ಮೊಡವೆ, ಮಚ್ಚೆ, ಹಳೆಯ ಗಾಯದ ಗುರುತು, ಎಲ್ಲವೂ ಅಲ್ಲಿ ಮಾಯವಾಗುತ್ತಿದ್ದವು.

"ಅಜ್ಜಿಗೆ ತೋರಸಬೇಕಪ್ಪಾ," ಎಂದಳು ಮಾಧುರಿ.

ಅಜ್ಜಿ ದಿನಾ ಬೆಳಿಗ್ಗೆ ಮೂರು ಮಹಡಿ ಹತ್ತಿ, ಗಚ್ಚಿಯ ಮೇಲೆ ಒಂದು ಕುಂಟ ಕಾಗೆಗೆ ರೊಟ್ಟಿ ಹಾಕುತ್ತಿದ್ದಳು. ಸಂಕ್ರಾಂತಿಯಲ್ಲಿ ಗಾಳಿಪಟದ ದಾರ ಸುತ್ತಿಕೊಂಡು ಅದರ ಕಾಲು ಕೆಟ್ಟಿತ್ತು. ಈಗ ಅಜ್ಜಿಯ ಮೊಣಕಾಲೂ ಹಿಡಿದುಕೊಂಡಿದೆ. ಮೂರು ವಾರದಿಂದ ಅವಳು ಮೆಟ್ಟಿಲು ಹತ್ತಿಲ್ಲ. ರೊಟ್ಟಿ ಹಾಕುವುದು ಐದನೇ ಕ್ಲಾಸಿನ ಮಾಧುರಿಯ ಕೆಲಸ.

"ಬಂದಿತ್ತೇನ ಅದು?" ಅಜ್ಜಿ ದಿನಾ ಕೇಳುವಳು.

"ಬಂದಿತ್ತಜ್ಜಿ."

"ನನ್ನ ಸಮಾಧಾನಕ್ಕ ಹೇಳ್ತಿ ನೀ," ಎಂದು ಗೋಡೆಯ ಕಡೆ ಹೊರಳುವಳು.

ಅದಕ್ಕೇ ಮಾಧುರಿ ಸ್ಟುಡಿಯೋದ ಹಳೆಯ ಡಿಜಿಟಲ್ ಕ್ಯಾಮೆರಾ ಗಚ್ಚಿಗೆ ಒಯ್ದಿದ್ದಳು. ಬಟನ್ ಒತ್ತಿದ ಮೇಲೆ ಅದು ತುಸು ಹೊತ್ತು ಯೋಚನೆ ಮಾಡುತ್ತಿತ್ತು. ಅಷ್ಟರಲ್ಲಿ ಕಾಗೆ ಹೋಗಿಬಿಡುತ್ತಿತ್ತು. ಒಂದು ದಿನ ಬರೀ ಆಕಾಶ ಬಂತು, ಇನ್ನೊಂದು ದಿನ ಬರೀ ಬಾಲ. ಏಳನೇ ದಿನ ಇದು ಸಿಕ್ಕಿತು.

"ಹೋಗಿ ಚಹಾ ಹೇಳಿ ಬಾ. ಅಷ್ಟರಾಗ ಮಾಡಿಡ್ತೀನಿ," ಎಂದ ಅಪ್ಪ.

ಅವಳು ಬರುವಷ್ಟರಲ್ಲಿ ಪ್ರಿಂಟ್ ರೆಡಿ. ಕಾಗೆಯ ಗರಿಗಳು ಹೊಳೆಯುತ್ತಿದ್ದವು. ಆಕಾಶ ನೀಲಿಯಾಗಿತ್ತು. ಮಾಧುರಿ ಮನೆಗೆ ಓಡಿದಳು.

ಅಜ್ಜಿ ಚಾಳೀಸು ಕಣ್ಣಿಗೇರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಕಾಗಿ ಚಲೋ ಅದ," ಎಂದಳು. "ಆದ್ರ ನಂದಲ್ಲ ಇದು."

"ನಿಂದ ಅಜ್ಜಿ, ಖರೇನ."

"ನಂದು ಹಾರೂ ಮುಂದ ಕಾಲು ಜೋತು ಬೀಳ್ತದ. ಇದರ ಕಾಲು ಎಲ್ಲದ?"

ಮಾಧುರಿ ಬಗ್ಗಿ ನೋಡಿದಳು. ಕಾಗೆಯ ಹೊಟ್ಟೆಯ ಕೆಳಗೆ ಬರೀ ನೀಲಿ ಆಕಾಶ.

"ಅದು ಎಲ್ಲೋ ಬಿದ್ದು ಸತ್ತದ. ನೀವ್ಯಾರೂ ಹೇಳವಲ್ರಿ," ಎಂದು ಅಜ್ಜಿ ಫೋಟೋ ಕೆಳಗಿಟ್ಟಳು.

ಸ್ಟುಡಿಯೋದಲ್ಲಿ ಅಪ್ಪ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದ.

"ಅಪ್ಪಾ, ಕಾಲು ಯಾಕ ತಗದಿ?"

"ಯಾವ ಕಾಲು? ಹ್ಞಾಂ, ಅದಾ. ಜೋತಾಡ್ತಿತ್ತು, ಚಂದ ಕಾಣಲಿಲ್ಲ." ಅವನು ಕಣ್ಣು ಉಜ್ಜಿಕೊಂಡ. "ಕೈಗೆ ರೂಢಿ ಬಿದ್ದದ, ಯವ್ವಾ."

ಮೊದಲಿನ ಫೋಟೋ ಇನ್ನೂ ಕ್ಯಾಮೆರಾದಲ್ಲೇ ಇತ್ತು. ಅಪ್ಪ ಮತ್ತೆ ತೆರೆದ. ಮೌಸ್ ತಾನಾಗಿಯೇ ಕಾಲಿನ ಹತ್ತಿರ ಸರಿಯಿತು.

"ಕಾಲು ಇರಲಿ," ಎಂದಳು ಮಾಧುರಿ.

"ಈ ಕೇಬಲ್ ವೈರು?"

"ಅದೂ ಇರಲಿ. ನಮ್ಮ ಗಚ್ಚಿ ಅಂತ ಗೊತ್ತಾಗಬೇಕಲ್ಲ."

"ಮತ್ತ ನಾ ಏನು ಮಾಡ್ಲಿ?"

"ಬೆಳಕಷ್ಟ ಹಾಕು. ಅಜ್ಜಿಗೆ ಕಾಲು ಕಾಣಬೇಕು."

ಅಪ್ಪ ಸ್ವಲ್ಪ ಸ್ವಲ್ಪವೇ ಬೆಳಕು ಹೆಚ್ಚಿಸಿದ. ಮಸಿಯೊಳಗಿಂದ ಕಣ್ಣು ಬಂತು. ಆಮೇಲೆ ಕಾಲು, ಒಣಕಡ್ಡಿಯಂತೆ. ಅಪ್ಪ ಪ್ರಿಂಟ್ ಒತ್ತಿದ.

ಎರಡನೇ ಫೋಟೋ ಕೈಗೆ ಬಂದಾಗ ಅಜ್ಜಿ ಮತ್ತೆ ಚಾಳೀಸು ಹಾಕಿಕೊಂಡಳು. ವೈರಿನ ಮೇಲೆ ಬೆರಳಾಡಿಸಿದಳು. ಬೆರಳು ಕಾಲಿನ ಹತ್ತಿರ ಬಂದು ನಿಂತಿತು.

"ನೀ ರೊಟ್ಟಿ ಹೆಂಗ ಹಾಕ್ತಿ?"

"ಅರ್ಧ ಮುರದು."

"ಒಂದ ಕಾಲಿನ ಮ್ಯಾಲೆ ನಿಂತು ಅದು ಹೆಂಗ ಹರಕೋಬೇಕು? ಸಣ್ಣಗ ಮುರೀಬೇಕು." ಅಜ್ಜಿ ಕೈ ಚಾಚಿದಳು. "ಎಬ್ಬಿಸು. ನಾಳಿನ ರೊಟ್ಟಿ ಈಗ ನಾನ ಮುರದು ಇಡ್ತೀನಿ."

ಅಡುಗೆಮನೆ ಹತ್ತೇ ಹೆಜ್ಜೆ. ಅಜ್ಜಿ ಒಂದೊಂದು ಹೆಜ್ಜೆಗೂ ನಿಂತಳು. ಮಾಧುರಿಯೂ ನಿಂತಳು. ಕೈ ಎಳೆಯಲಿಲ್ಲ.