ಕೈಗಳ ಕೋಟೆ

ಹಿಂದೆ ಹಿಂದೆ, ಬೆಟ್ಟಗಳಿನ್ನೂ ಮಾತಾಡುತ್ತಿದ್ದ ಕಾಲಕ್ಕೆ, ಇಬ್ಬನಿಪುರವೆಂಬ ರಾಜ್ಯವಿತ್ತು. ಅದರ ಕೋಟೆಗೆ ಕಲ್ಲಿನ ಗೋಡೆ ಇರಲಿಲ್ಲ, ಕೈಗಳ ಗೋಡೆಯಿತ್ತು. ಹೆಣಿಗೆಯವರೆಂಬ ಜನ ಕೈಗೆ ಕೈ ಹೆಣೆದು ನಿಂತರೆ ಮುಗೀತು, ಮುಖ ಮಾಸಿಹೋಗುತ್ತಿತ್ತು, ಮಾತು ಇಂಗಿಹೋಗುತ್ತಿತ್ತು, ಬೆಚ್ಚನೆಯ ಕೈ ಮಾತ್ರ ಉಳಿಯುತ್ತಿತ್ತು. ಕಾವಲುಗಾರರು ಆ ಕೈ ಹಿಡಿದೇ ಕತ್ತಲಲ್ಲಿ ಓಡಾಡಬೇಕು, ಆ ಕೈ ಕೊಟ್ಟ ಗಂಜಿಯನ್ನೇ ಕುಡಿಯಬೇಕು. ಹೊಗಳಿಕೆ ಮಾತ್ರ ಕತ್ತಿ ಹಿಡಿದವರಿಗೇ ಬಿಡಿ.

ಬೀರಮ ಹೊಸ ಕಾವಲುಗಾರ. ಅವನ ತಾಯಿ ಸಾತವ್ವೆ ಆ ಗೋಡೆ ಸೇರಿ ವರ್ಷಗಳಾಗಿದ್ದವು. ಹೇಗಾದರೂ ಬಿಡಿಸಿ ಮನೆಗೆ ಕರೆದೊಯ್ಯಬೇಕೆಂದೇ ಅವನು ಕಾವಲಿಗೆ ಸೇರಿದ್ದ.

ಆ ರಾಜ್ಯದ ಮೇಲೆ ಮಬ್ಬುಗಣ್ಣನೆಂಬ ಮಾಂತ್ರಿಕನ ಕಣ್ಣು ಬಿತ್ತು. ಅವನು ಹೊಕ್ಕ ಮನೆಯಲ್ಲಿ ಮಲಗಿದವರು ಏಳುತ್ತಿರಲಿಲ್ಲ. ಮೊದಲ ಸಲ ನರಿಯಾಗಿ ಬಂದ. ಕೋಟೆಯ ಬೇಹುಗಾರರು ನರಿಯ ಕೂದಲು ತಂದು ಗೋಡೆಗೆ ಕೊಟ್ಟರು. ಕೈಯಿಂದ ಕೈಗೆ ಸಾಗುತ್ತ ಅದು ಒಬ್ಬೊಬ್ಬ ಕಾವಲುಗಾರನ ಮೂಗಿಗೂ ತಾಕಿತು. ಆ ವಾಸನೆ ಬಲ್ಲವನೊಬ್ಬ ಎದ್ದ, ಒಬ್ಬನಿದ್ದವನು ನೋಡನೋಡುತ್ತ ನೂರು ಜನರಾದ, ನರಿ ಓಡಿತು. ಎರಡನೆಯ ಸಲ ಹೊಗೆಯಾಗಿ ಬಂದ. ಮಸಿ ಸಾಗಿತು, ಬಲ್ಲವನು ಎದ್ದ, ನೂರಾದ, ಹೊಗೆ ಚದುರಿತು. ಎರಡೂ ಸಲ ಬೀರಮ ಹೊರಬಾಗಿಲಲ್ಲಿದ್ದ, ಒಳಗಿನದೇನೂ ಕಂಡಿರಲಿಲ್ಲ.

ಮೂರನೆಯ ಸಲ ಮಾಂತ್ರಿಕ ಕೂಸಾಗಿ ಅಳುತ್ತ ಬಂದ. ಕೂಸಿನ ಬಟ್ಟೆಯ ಚೂರೊಂದು ಸಾಗತೊಡಗಿತು. ಅಂದು ಬೀರಮ ಒಳಗಿದ್ದ. ಬೆರಳಿನ ಸುಟ್ಟ ಕಲೆಯಿಂದ ತಾಯಿಯ ಕೈಯನ್ನು ಗುರುತು ಹಿಡಿದ. ಅಷ್ಟರಲ್ಲಿ ಆ ಕೈ ಸಡಿಲವಾಯಿತು. ಬೇಹುಗಾರರು ಬಂದೊಡನೆ ಗೋಡೆ ಹಿಡಿತ ಸಡಿಲಿಸುವುದು ವಾಡಿಕೆ, ನೂರಾಗುವವರಿಗೆ ಜಾಗ ಬೇಕಲ್ಲ. ಹೊಸಬನಿಗೆ ಅದೆಲ್ಲಿ ಗೊತ್ತು? ಅಯ್ಯೋ, ಅವ್ವನ ಜೀವ ಹೋಗ್ತಿದೆ ಅಂದುಕೊಂಡು ಹಿಡಿದೆಳೆದ.

ಸಾತವ್ವೆ ಹೊರಬಿದ್ದಳು, ಮುಖವೂ ಮಾತೂ ಮರಳಿದವು. ಬಟ್ಟೆಯ ಚೂರು ಮಾತ್ರ ಅವಳು ನಿಂತಿದ್ದಲ್ಲಿ ಗೋಡೆಗಾದ ಕಿಂಡಿಯಲ್ಲೇ ಬಿತ್ತು. ದಾರಿ ತಪ್ಪಿದ ಕಾವಲುಗಾರರು ಕತ್ತಲಲ್ಲಿ ತಮ್ಮವರನ್ನೇ ತಿವಿಯತೊಡಗಿದರು. ಕೂಸಿನ ಅಳು ಹತ್ತಿರವಾಯಿತು. ಅಳುತ್ತ ಅಳುತ್ತಲೇ ಅದು ನಕ್ಕಿತು.

"ನನ್ನ ಮತ್ತೆ ಅಲ್ಲೇ ನಿಲ್ಲಿಸು, ಮಗಾ," ಅಂದಳು ತಾಯಿ. ಆದರೆ ನಿಲ್ಲಲು ಅವಳಲ್ಲಿ ತ್ರಾಣವಿರಲಿಲ್ಲ.

ಬೀರಮ ಕತ್ತಿ ಎಸೆದ. ಚೂರನ್ನೆತ್ತಿಕೊಂಡು ಕಿಂಡಿಯಲ್ಲಿ ನಿಂತು ಎಡಕ್ಕೂ ಬಲಕ್ಕೂ ಕೈ ಚಾಚಿದ. ಎರಡು ಕೈಗಳು ಗಪ್ಪನೆ ಹಿಡಿದವು. ಚೂರು ಸಾಗಿತು, ಬಲ್ಲವನು ಎದ್ದ, ನೂರಾದ. ಅಳು ನಿಂತಿತು. ಮಾಂತ್ರಿಕನಿದ್ದ ಜಾಗದಲ್ಲಿ ಹಿಡಿ ಬೂದಿ ಉಳಿಯಿತು.

ಮಲಗಿದ್ದವರೆಲ್ಲ ಎದ್ದರು, ಮನೆಮನೆಯಲ್ಲೂ ಹಬ್ಬವಾಯಿತು. ಸಾತವ್ವೆ ಮಗನ ಬಳಿ ಬಂದು, ಮನೆಗೆ ಹೋಗೋಣ ಬಾ ಎಂದು ಗೋಗರೆದಳು. ಅವನ ಮುಖ ಆಗಲೇ ಮಾಸುತ್ತಿತ್ತು.

"ನಾ ಕೈ ಬಿಟ್ಟರೆ ಪಕ್ಕದವರು ಬೀಳ್ತಾರೆ, ಅವ್ವಾ."

ಅದೇ ಅವನ ಕೊನೆಯ ಮಾತು. ಇಬ್ಬನಿಪುರದವರೆಲ್ಲ ನೂರ್ಕಾಲ ಸುಖವಾಗಿ ಬಾಳಿದರು. ಸಾತವ್ವೆಯೂ ಬಾಳಿದಳು. ದಿನಾ ಗೋಡೆಯ ಹತ್ತಿರ ಹೋಗಿ, ಮಗನ ಕೈಗೆ ಹರಳೆಣ್ಣೆ ಹಚ್ಚಿ ತಿಕ್ಕಿ ಬರುತ್ತಿದ್ದಳು.