ಪುಡಿ ಬೀಳದ ಜಾಗ

ಜೇನುಪೆಟ್ಟಿಗೆಯ ಮುಚ್ಚಳ ತೆಗೆದ ಮಿಂಚೊ ತಾತ ಹಾಗೇ ಕುಸಿದು ಕೂತ. ಒಳಗೆ ಗುಂಯ್ ಎನ್ನುವ ಸದ್ದೇ ಇಲ್ಲ. ಪೆಟ್ಟಿಗೆಯ ಬಾಯಲ್ಲಿ, ಹುಲ್ಲಿನ ಮೇಲೆ, ಅವನ ಬೂಟಿನ ಸುತ್ತ — ಎಲ್ಲೆಲ್ಲೂ ಸತ್ತ ಜೇನು. ಸೂರ್ಯಕಾಂತಿ ಹೊಲದ ಮೇಲೆ ವಿಮಾನ ಸುರಿದ ಹುಳುನಾಶಕದ ಬಿಳಿ ಪುಡಿ ಇನ್ನೂ ತೇಲುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ದೊಬ್ರುಜಾ ಸೀಮೆಯ ಆ ಪುಟ್ಟ ವಿಮಾನನೆಲೆಯಲ್ಲಿ ಅಪರಾಧಿಯೂ ಸಿಕ್ಕಿಬಿಟ್ಟಿದ್ದಳು. ರೇಡಿಯೊ ಮೆಕ್ಯಾನಿಕ್ ಕಲಿನಾ!

‘ಜೇನು ಹೊರಗಿವೆ, ಸುರೀಬೇಡ, ವಾಪಸ್ ಬಾ’ ಎಂದು ಕೆಳಗಿನಿಂದ ರೇಡಿಯೊದಲ್ಲಿ ಗಂಟಲು ಹರಿಯುವಂತೆ ಕೂಗಿದವಳು ಅವಳೇ. ಪೈಲಟ್ ಯಾಸೆನ್ ಪೂರ್ತಿ ಸುರಿದೇ ಇಳಿದ. ಏನೂ ಕೇಳಿಸಲಿಲ್ಲವಂತೆ. ಆ ವಿಮಾನಕ್ಕೆ ಹೋದ ವಾರ ಹೊಸ ರೇಡಿಯೊ ಕೂರಿಸಿದವಳೂ ಕಲಿನಾ. ಈಗ ಬಾಗಿಲಿನಿಂದ ಇಣುಕಿ ನೋಡಿದರೆ, ರೇಡಿಯೊವನ್ನು ವಿಮಾನದ ಲೋಹದ ಮೈಗೆ ಜೋಡಿಸುವ ಅರ್ಥಿಂಗ್ ಪಟ್ಟಿ, ಹೆಣೆದ ತಾಮ್ರದ್ದು, ಕಳಚಿ ಜೋತಾಡುತ್ತಿತ್ತು. ಅದು ಕಳಚಿದರೆ ಎಂಜಿನ್ನಿನ ಗರಗರವೆಲ್ಲ ಪೈಲಟ್‌ನ ಕಿವಿಗೇ ನುಗ್ಗುತ್ತದೆ, ಮಾತು ಮುಳುಗಿಹೋಗುತ್ತದೆ.

“ಒಪ್ಪಿಕೊಂಡುಬಿಡಮ್ಮ,” ಎಂದರು ಮ್ಯಾನೇಜರು. “ಲೈಸೆನ್ಸ್ ಹೋಗುತ್ತೆ, ಅಷ್ಟೇ ತಾನೆ?”

“ಅಷ್ಟೇನಾ? ಆಮೇಲೆ ನಾನೇನ್ ಮಾಡ್ಲಿ, ಮನೇಲಿ ಮೆಣಸಿನಕಾಯಿ ಪೋಣಿಸ್ತಾ ಕೂತ್ಕೊಳ್ಲಾ? ಮಾಡದ ತಪ್ಪು ಒಪ್ಪೋಳಲ್ಲ ನಾನು!”

ಯಾಸೆನ್ ಇಳಿದಾಗಿನಿಂದ ಅವಳು ವಿಮಾನದ ಬಾಗಿಲು ಬಿಟ್ಟು ಕದಲಿರಲಿಲ್ಲ. ಈಗ ಅದನ್ನು ಮುಚ್ಚಿ, ಬೆನ್ನು ಕೊಟ್ಟು ನಿಂತಳು. ಒಳಗೆ ಕಾಲಿಡಲಿಲ್ಲ. ಇಟ್ಟರೆ ಏನೋ ಕೈಚಳಕ ಮಾಡಿದಳು ಅನ್ನುತ್ತಾರೆ!

ಯಾಸೆನ್ ನೀರಿನ ಪೈಪು ಎಳೆದುಕೊಂಡು ಬಂದ. “ಸರಿ ಆಕಡೆ. ಪುಡಿ ಹಾಕಿದ ಮೇಲೆ ವಿಮಾನ ತೊಳೀಬೇಕು, ಗೊತ್ತಿಲ್ವಾ?”

“ಇನ್ಸ್‌ಪೆಕ್ಟರ್ ಬರೋವರೆಗೂ ಒಂದು ಹನಿ ಬೀಳಕೂಡ್ದು. ಬಿದ್ರೆ ಮೊದ್ಲು ನನ್ ಮೇಲೆ ಬೀಳ್ಲಿ.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!”

“ನೆಲ ಡೊಂಕೋ ಕುಣಿದವನೇ ಡೊಂಕೋ, ಗೊತ್ತಾಗ್ಲಿ ತಡಿ.”

ಬಿಸಿಲಲ್ಲಿ ಅಲ್ಲಾಡದೆ ನಿಂತೇ ಇದ್ದಳು.

ಇನ್ಸ್‌ಪೆಕ್ಟರ್ ಗೆಂಚೆವ್ ದಪ್ಪ ಆಸಾಮಿ. ಜೀಪಿನಿಂದ ಏದುಸಿರು ಬಿಡುತ್ತ ಇಳಿದ. ಹಿಂದಿನ ಸೀಟಿನಿಂದ ಮಿಂಚೊ ತಾತನೂ ಇಳಿದ.

“ಕಾಮ್ರೇಡ್ ಯಾಸೆನ್, ಪಟ್ಟಿ ಯಾವಾಗ ಕಳಚ್ತು?”

“ಮೇಲೇರುವಾಗ್ಲೇ ಇರ್ಬೇಕು. ಆಗಿಂದ ಬರೀ ಗರಗರ.”

“ಪುಡಿ ಸುರಿಯೋಕೆ ಮುಂಚೆಯೇ?”

“ಹೌದ್ರೀ!”

“ಇಳಿದ ಮೇಲೆ ಯಾರಾದ್ರೂ ಅದನ್ನ ಮುಟ್ಟಿದ್ರಾ?”

“ಯಾರೂ ಇಲ್ಲ. ಒಳಗಿದ್ದವನು ನಾನೊಬ್ನೇ. ನಾನು ಹೊರಗೆ ಬಂದಿದ್ದೇ ತಡ, ಇವಳು ಬಾಗಿಲು ಹಿಡ್ಕೊಂಡು ನಿಂತ್ಳು.”

“ನೀವೇನಂತೀರಿ, ಕಲಿನಾ?”

“ಪಟ್ಟಿ ಕೂರೋ ಜಾಗದ ಬಣ್ಣ ಕೆರೆದು, ಲೋಹ ಫಳಫಳ ಅನ್ನೋ ಹಾಗೆ ಉಜ್ಜಿ, ನನ್ ಕೈಯಾರೆ ನಟ್ಟು ಬಿಗಿದಿದ್ದೀನಿ. ತಾನಾಗಿ ಕಳಚೋದಲ್ಲ. ಎಲ್ಲಿ ಬೇಕಾದ್ರೂ ಹೇಳ್ತೀನಿ.”

ಗೆಂಚೆವ್ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಟಾರ್ಚ್ ಹಿಡಿದು ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಲೈಸೆನ್ಸ್ ಹೋಯಿತು ಅಂತಲೇ ಕಲಿನಾಗೆ ಒಂದು ಗಳಿಗೆ ಅನ್ನಿಸಿತು. ಆಮೇಲೆ ಅವನು ಎಲ್ಲರನ್ನೂ ಬಾಗಿಲಿಗೆ ಕರೆದ.

“ನೋಡಿ. ಸೀಟು, ವೈರು, ರೇಡಿಯೊ — ಎಲ್ಲದರ ಮೇಲೂ ಪುಡಿ. ಸಂದುಗೊಂದು ಒಂದನ್ನೂ ಬಿಟ್ಟಿಲ್ಲ. ಈಗ ಪಟ್ಟಿ ಕೂರೋ ಜಾಗ ನೋಡಿ.”

ಟಾರ್ಚಿನ ಬೆಳಕು ಬಿತ್ತು. ಬಿಳಿ ಪುಡಿಯ ನಡುವೆ ಉಗುರಿನಗಲದ ಒಂದು ದುಂಡನೆಯ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಮೊದಲೇ ಕಳಚಿದ್ರೆ ಇಲ್ಲೂ ಪುಡಿ ಕೂರ್ಬೇಕಿತ್ತು. ಕೂತಿಲ್ಲ. ಯಾಕೆ? ಪುಡಿ ಸುರಿಯುವಾಗ ಪಟ್ಟಿ ಈ ಜಾಗಾನ ಮುಚ್ಕೊಂಡು ಬಿಗಿಯಾಗೇ ಇತ್ತು! ಕಳಚಿದ್ದು ಇಳಿದ ಮೇಲೆ. ಆಗ ಒಳಗಿದ್ದವರು ಒಬ್ರೇ, ನೀವೇ ಹೇಳಿದ್ರಿ. ಕಲಿನಾ ಕೂಗಿದ್ದು ನಿಮಗೆ ಚೆನ್ನಾಗಿ ಕೇಳಿಸ್ತು, ಕಾಮ್ರೇಡ್ ಯಾಸೆನ್. ಇವತ್ತು ತೊಳೆದುಬಿಟ್ಟಿದ್ರೆ ನೀವು ಬಚಾವಾಗ್ತಿದ್ರಿ.”

ಯಾಸೆನ್ ಸರಕ್ಕನೆ ಕೈ ಜೇಬಿಗಿಳಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಗೆಂಚೆವ್ ಅಂಗೈ ಚಾಚಿದ. ಜೇಬಿನಿಂದ ಪಟ್ಟಿಯ ನಟ್ಟು ಹೊರಬಂತು.

“ವಾಪಸ್ ಬಂದಿದ್ರೆ ಜೇನು ಗೂಡು ಸೇರೋ ಸಂಜೆವರೆಗೂ ಕಾಯ್ಬೇಕಿತ್ತು,” ಎಂದು ಯಾಸೆನ್ ಗೊಣಗಿದ. “ಪಕ್ಕದ ತಂಡದವರು ನಮ್ಮನ್ನ ಹಿಂದೆ ಹಾಕ್ಬಿಡ್ತಿದ್ರು.”

ಅತಿ ವೇಗದ ಪೈಲಟ್ಟೆಂದು ಅವನ ಫೋಟೊ ಗೇಟಿನಲ್ಲೇ ತೂಗುತ್ತಿತ್ತಲ್ಲ!

“ಸರಿ ಸರಿ, ಗೊತ್ತಾಯ್ತಲ್ಲ,” ಎಂದರು ಮ್ಯಾನೇಜರು ಅವಸರವಾಗಿ. “ಇನ್ನು ತೊಳೆದುಬಿಡಿ.”

“ತೊಳೀಕೂಡ್ದು!” ಎಂದಳು ಕಲಿನಾ. “ಮೊದ್ಲು ತಾತ ನೋಡ್ಲಿ.”

ಮಿಂಚೊ ತಾತ ಬಗ್ಗಿ ನೋಡಿದ. ನೋಡುತ್ತಲೇ ಇದ್ದ.

“ಪುಡಿ ಬೀಳದೆ ಉಳ್ದಿದ್ದು ಇದೊಂದೇ ಜಾಗ ಏನಮ್ಮ?”

ಬೆಳಗಿನಿಂದ ಯಾರಿಗೂ ಬಗ್ಗದವಳ ಕಣ್ಣು ಈಗ ತುಂಬಿ ಬಂತು. ತೋಳಿನಿಂದ ಒರೆಸಿಕೊಂಡು ಹ್ಯಾಂಗರಿನ ಮೂಲೆಗೆ ಹೋದಳು. ಪೊರಕೆ ತಂದು ಯಾಸೆನ್‌ನ ಎದೆಗೇ ಒತ್ತಿದಳು.

“ಇನ್ಸ್‌ಪೆಕ್ಟರು ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ಲಿ, ಅದು ಆಮೇಲೆ. ಮೊದ್ಲು ತಾತನ ಜೊತೆ ಹೋಗಿ ಸತ್ತ ಜೇನು ಗುಡಿಸು.”

ಯಾಸೆನ್ ಮ್ಯಾನೇಜರ ಮುಖ ನೋಡಿದ. ಅವರು ಬೇರೆ ಕಡೆ ತಿರುಗಿದರು. ಗೆಂಚೆವ್ ಜೀಪಿನ ಬಾಗಿಲು ತೆಗೆದು, “ಹತ್ತಿ. ದಾರಿ ತಾತ ತೋರಿಸ್ತಾರೆ,” ಎಂದ.